ಟೋಪಿ ಹಾಕುವ ಮುನ್ನ

ಕನ್ನಡದಲ್ಲಿ ನಾವೇ ಟೋಪಿ ಹಾಕಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಇನ್ನೊಬ್ಬರಿಗೆ ಹಾಕಿದರೆ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಬೇಕಾಗುತ್ತದೆ. ‘ಐವತ್ತು ಸಾವಿರ ಟೋಪಿ ಹಾಕಿದ’ ಅಂತ ಯಾರಾದರೂ ಹೇಳಿದರೆ ಅಲ್ಲಿ ಟೋಪಿಯೂ ಇರುವುದಿಲ್ಲ, ಐವತ್ತು ಸಾವಿರವೂ ಇರುವುದಿಲ್ಲ. ಹಣೆಯ ಮೇಲಿನ ನಾಮಕ್ಕೂ ಇದೇ ಗತಿ: ತಾನು ಹಾಕಿಕೊಂಡರೆ ಭಕ್ತಿ, ಇನ್ನೊಬ್ಬನಿಗೆ ಹಾಕಿದರೆ ಮೋಸ. ಆದರೆ ಅದೇ ತಲೆಗೆ ಶಾಲು-ಹಾರದ ಜೊತೆ ಪೇಟ ತೊಡಿಸಿದರೆ ಸನ್ಮಾನ. ಪೇಟವೂ ಬಟ್ಟೆ, ಟೋಪಿಯೂ ಬಟ್ಟೆ. ಎರಡೂ ಕೂರುವುದು ಒಂದೇ ಜಾಗದಲ್ಲಿ. ಹಾಗಿದ್ದ ಮೇಲೆ ನಮ್ಮ ಭಾಷೆ ಟೋಪಿಯ ಮೇಲೆ ಇಷ್ಟೊಂದು ಗುಮಾನಿ ಯಾಕೆ ಇಟ್ಟುಕೊಂಡಿದೆ?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ನಮ್ಮ ಟೀಮಿನ ಹುಡುಗನಿಂದ. ಅವನಿಗೆ ಮದುವೆ ಫಿಕ್ಸ್ ಆಗಿತ್ತು. ಪ್ರಿ-ವೆಡ್ಡಿಂಗ್ ಫೋಟೋಶೂಟ್ ಅಂತ ಓಡಾಡುತ್ತಿದ್ದ. ಒಂದು ದಿನ ಚಹಾದ ಹೊತ್ತಿಗೆ ಬಂದು, “ಸರ್, ಒಂದ್ ಚಲೋ ಫೆಲ್ಟ್ ಹ್ಯಾಟ್ ಬೇಕಾಗೇತ್ರಿ. ಹಳೇ ಇಂಗ್ಲಿಷ್ ಸಿನಿಮಾದಾಗ ಇರ್ತಾವಲ್ಲ, ಅಂಥಾದು. ನೀವು ಎಲ್ಲಾದ್ರ ಬಗ್ಗೆನೂ ಓದ್ತೀರಲ್ಲ, ಯಾವ್ದು ತಗೋಬೇಕು ಹೇಳ್ರಿ” ಅಂದ. ಫೋನ್ ಕೊಳ್ಳುವಾಗ ಹತ್ತು ರಿವ್ಯೂ ನೋಡುವ ಜಾತಿ ನಮ್ಮದು. ಹ್ಯಾಟಿನ ವಿಷಯದಲ್ಲೂ ಹಾಗೇ ಆಯಿತು. ಒಂದು ವಾರ ಅದರ ಬಗ್ಗೆ ಓದಿದೆ.

ಫೆಲ್ಟ್ ಅನ್ನುವುದು ವಿಚಿತ್ರ ವಸ್ತು. ಅದಕ್ಕೆ ನೂಲೂ ಇಲ್ಲ, ನೇಯ್ಗೆಯೂ ಇಲ್ಲ. ನಮ್ಮ ಕುರುಬರ ಕಂಬಳಿಯಲ್ಲಿ ಉಣ್ಣೆಯನ್ನು ನೂತು, ಹಾಸಿಗೆ ಹುಣಸೆ ಬೀಜದ ಗಂಜಿ ಹಚ್ಚಿ, ಮಗ್ಗದಲ್ಲಿ ನೇಯುತ್ತಾರೆ. ಹಾಸು-ಹೊಕ್ಕು ಕಣ್ಣಿಗೆ ಕಾಣುತ್ತದೆ. ಫೆಲ್ಟಿನಲ್ಲಿ ಹಾಗಲ್ಲ. ಉಣ್ಣೆಯ ಪ್ರತಿ ಎಳೆಯ ಮೇಲೂ ಮೀನಿನ ಹುರುಪೆಯಂಥ ಸಣ್ಣ ಪದರಗಳಿರುತ್ತವೆ. ಬಿಸಿ, ತೇವ, ತಿಕ್ಕಾಟ ಮೂರೂ ಸೇರಿದರೆ ಆ ಪದರಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಗಟ್ಟಿಯಾಗುತ್ತವೆ. ಒಮ್ಮೆ ಹಾಗೆ ಕೂಡಿಕೊಂಡರೆ ಮತ್ತೆ ಬಿಡಿಸಲು ಬರುವುದಿಲ್ಲ. ಉಣ್ಣೆ ಸ್ವೆಟರನ್ನು ವಾಷಿಂಗ್ ಮಷೀನಿಗೆ ಬಿಸಿ ನೀರಲ್ಲಿ ಹಾಕಿ ಹಾಳು ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಮೇಲ್ದರ್ಜೆಯ ಹ್ಯಾಟುಗಳಿಗೆ ಕುರಿಯ ಉಣ್ಣೆಯ ಬದಲು ಮೊಲದ ಇಲ್ಲವೇ ಬೀವರ್ ಎಂಬ ಪ್ರಾಣಿಯ ರೋಮ ಬಳಸುತ್ತಾರೆ. ಬಿರುಸು ಬರಲೆಂದು ಅರಗು ಹಾಕುತ್ತಾರೆ.

ಆರಿಸುವುದು ಹೀಗೆ: ಕಿವಿಯ ಸ್ವಲ್ಪ ಮೇಲಿಂದ, ಹಣೆಯ ನಡುವೆ ಹಾಯುವಂತೆ ಟೇಪು ಸುತ್ತಿ ತಲೆಯ ಅಳತೆ ತೆಗೆಯಬೇಕು. ಒಳಗಿನ ಪಟ್ಟಿ ಒತ್ತಿ ಗುರುತು ಮೂಡಿಸಬಾರದು, ಗಾಳಿಗೆ ಹಾರಲೂಬಾರದು. ಅಂಚಿನ ಅಗಲ ಭುಜಕ್ಕೆ ಹೊಂದಬೇಕು, ಎತ್ತರ ಮುಖದ ಉದ್ದಕ್ಕೆ. ಕೈಯಲ್ಲಿ ಮೆತ್ತಗೆ ಒತ್ತಿದರೆ ಮತ್ತೆ ತನ್ನ ಆಕಾರಕ್ಕೆ ಬರಬೇಕು. ಇನ್ನು ರೂಪ ಕೊಡುವುದಕ್ಕೆ ಬೇಕಾಗಿದ್ದು ಒಂದು ಕೆಟಲ್ ಅಷ್ಟೇ. ನೀರು ಕುದಿಸಿ, ಏಳುವ ಹಬೆಗೆ ಹ್ಯಾಟಿನ ನೆತ್ತಿಯನ್ನು ಕೆಲವೇ ಕ್ಷಣ ಹಿಡಿದರೆ ಫೆಲ್ಟ್ ಮೆತ್ತಗಾಗುತ್ತದೆ. ಆಗ ಅಂಗೈ ಅಂಚಿನಿಂದ ನೆತ್ತಿಯ ಮೇಲೆ ಉದ್ದಕ್ಕೆ ಒಂದು ತಗ್ಗು ಮಾಡಬೇಕು, ಮುಂದಿನ ಎರಡು ಬದಿ ಬೆರಳಿಂದ ಚಿವುಟಬೇಕು, ಅಂಚನ್ನು ಮುಂದೆ ಕೆಳಗೆ, ಹಿಂದೆ ಮೇಲೆ ಬಾಗಿಸಬೇಕು. ಆರುವ ತನಕ ಮುಟ್ಟಬಾರದು. ಹಬೆ ಜಾಸ್ತಿ ಕುಡಿಸಿದರೆ ಕುಗ್ಗುತ್ತದೆ. ಹೀಗೆ ನೆತ್ತಿಗೆ ತಗ್ಗು ಮಾಡಿದ ಮೆದು ಹ್ಯಾಟಿಗೆ ಫೆಡೋರಾ ಅನ್ನುತ್ತಾರೆ. ಆ ಹೆಸರು ಬಂದದ್ದು 1882ರ ಒಂದು ಫ್ರೆಂಚ್ ನಾಟಕದಿಂದ. ಸಾರ್ಡೂ ಬರೆದ ಆ ನಾಟಕದಲ್ಲಿ ಸಾರಾ ಬರ್ನ್‌ಹಾರ್ಟ್ ಎಂಬ ನಟಿ ಫೆಡೋರಾ ಎಂಬ ರಾಜಕುಮಾರಿಯ ಪಾತ್ರ ಮಾಡಿದ್ದಳು. ಹೆಂಗಸಿನ ಹೆಸರಿನ ಟೋಪಿ ಮುಂದೆ ಗಂಡಸರ ಗತ್ತಿನ ಗುರುತಾಯಿತು.

ಇಷ್ಟನ್ನು ಹುಡುಗನಿಗೆ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಓದುತ್ತಾ ಹೋದ ಹಾಗೆ ಇನ್ನೊಂದು ಸಂಗತಿ ಸಿಕ್ಕಿತು. ಮೊಲದ ರೋಮ ಸಲೀಸಾಗಿ ಫೆಲ್ಟ್ ಆಗುವುದಿಲ್ಲ. ಹಾಗಾಗಿ ಯುರೋಪು, ಅಮೆರಿಕದ ಕಾರ್ಖಾನೆಗಳಲ್ಲಿ ಬಹಳ ಕಾಲ ಅದಕ್ಕೆ ಪಾದರಸದ ದ್ರಾವಣ ಹಚ್ಚುತ್ತಿದ್ದರು. ಬಿಸಿಗೆ ಪಾದರಸ ಹೊಗೆಯಾಗಿ ಏಳುತ್ತಿತ್ತು, ಕೆಲಸಗಾರರು ಅದನ್ನೇ ಉಸಿರಾಡುತ್ತಿದ್ದರು. ಕೈ ನಡುಗುವುದು, ಹಲ್ಲು ಉದುರುವುದು, ಮನಸ್ಸು ಕೆಡುವುದು ಆ ಕಸುಬಿನವರ ಪಾಡಾಗಿತ್ತು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿ ಹ್ಯಾಟುಗಳಿಗೆ ಹೆಸರಾದ ಊರು. ಈ ನಡುಕಕ್ಕೆ ಜನ ಆ ಊರಿನ ಹೆಸರನ್ನೇ ಇಟ್ಟಿದ್ದರು. ಅಲ್ಲಿ ಹ್ಯಾಟಿಗೆ ಪಾದರಸ ಬಳಸುವುದು ನಿಂತದ್ದು 1941ರ ಡಿಸೆಂಬರಿನಲ್ಲಿ. ಹಾಕಿಕೊಂಡವನ ಗತ್ತು ಎಲ್ಲರಿಗೂ ಕಂಡಿತು. ಮಾಡಿದವನ ನಡುಗುವ ಕೈ ಹ್ಯಾಟಿನ ಮೇಲೆ ಎಲ್ಲೂ ಕಾಣಲಿಲ್ಲ. ಅಲ್ಲಿಂದ ನನಗೆ ಅನ್ನಿಸತೊಡಗಿದ್ದು ಇದು: ಟೋಪಿ ಕಾಣಲಿ ಅಂತಲೇ ಇರುವ ವಸ್ತು. ಹಾಗಾಗಿ ಅದು ಏನನ್ನು ಮುಚ್ಚುತ್ತದೆ ಅಂತ ಕೇಳುವುದು ನಮಗೆ ಹೊಳೆಯುವುದೇ ಇಲ್ಲ.

ಫೆಲ್ಟ್ ಹ್ಯಾಟ್ ಅಂದರೆ ದೂರದ ದೇಶದ ಸಂಗತಿ ಅಂದುಕೊಳ್ಳಬೇಡಿ. ನಮ್ಮ ರಾಜ್ಯದಲ್ಲಿ ಅದನ್ನು ನಾವೆಲ್ಲ ದಿನಾ ನೋಡುತ್ತಿದ್ದೆವು, ಪೊಲೀಸ್ ಪೇದೆಗಳ ತಲೆಯ ಮೇಲೆ. ಒಂದು ಬದಿ ಮಡಚಿದ, ಅಗಲ ಅಂಚಿನ ಆ ಸ್ಲೌಚ್ ಹ್ಯಾಟ್ ಕಾನ್‌ಸ್ಟೆಬಲ್ ಮತ್ತು ಹೆಡ್ ಕಾನ್‌ಸ್ಟೆಬಲ್‌ಗಳಿಗೆ ಮಾತ್ರ. ಮೇಲಿನ ಅಧಿಕಾರಿಗಳಿಗೆ ಬೇರೆ ಕ್ಯಾಪು. ಬಿಸಿಲಲ್ಲಿ ಗಂಟೆಗಟ್ಟಲೆ ನಿಲ್ಲುವವರು ಅದು ಭಾರ, ಬೆವರು ಜಾಸ್ತಿ, ಗಲಾಟೆಯಲ್ಲಿ ಓಡಿದರೆ ಬಿದ್ದುಹೋಗುತ್ತದೆ ಅಂತ ಬಹಳ ವರ್ಷ ಹೇಳುತ್ತಾ ಬಂದರು. ಕೊನೆಗೆ 2025ರ ಅಕ್ಟೋಬರಿನಲ್ಲಿ ಸರ್ಕಾರ ಅದರ ಬದಲು ಕಡುನೀಲಿ ಪೀಕ್ ಕ್ಯಾಪ್ ಕೊಟ್ಟಿತು. ರಸ್ತೆಯಲ್ಲಿ ಹೋಗುವ ನಮಗೆ ಆ ಹ್ಯಾಟ್ ಹೇಳುತ್ತಿದ್ದುದು ‘ಕಾನೂನು’ ಅಂತ. ಅದರ ಒಳಗಿದ್ದ ತಲೆಗೆ ಅದು ಬರೀ ಸೆಕೆ. ನನ್ನ ಹುಡುಗನಿಗೆ ಹ್ಯಾಟ್ ಆರಿಸುವ ಸುಖ ಇತ್ತು. ಪೇದೆಗೆ ಅದೂ ಇರಲಿಲ್ಲ.

ಅಂದರೆ ಟೋಪಿ ಹೇಳುವುದು ಒಂದು, ಒಳಗೆ ಇರುವುದು ಇನ್ನೊಂದು. ಹಾಗಿದ್ದರೆ ಟೋಪಿ ಅಂದರೆ ಸುಳ್ಳೇ ಅಂತ ತೀರ್ಮಾನ ಮಾಡಿಬಿಡಬಹುದು. ಅಷ್ಟರಲ್ಲಿ ಭಗತ್ ಸಿಂಗ್ ಅಡ್ಡ ಬರುತ್ತಾನೆ.

ಆಟೋ ಹಿಂದೆ, ಸಲೂನ್ ಗೋಡೆ ಮೇಲೆ, ಬೈಕಿನ ಸ್ಟಿಕರಿನಲ್ಲಿ ನಾವು ನೋಡಿರುವ ಭಗತ್ ಸಿಂಗ್ ಫೆಲ್ಟ್ ಹ್ಯಾಟಿನವನು. 1928ರ ಡಿಸೆಂಬರ್ 17ರಂದು ಲಾಹೋರಿನಲ್ಲಿ ಸಾಂಡರ್ಸ್ ಹತ್ಯೆ ಆಯಿತು. ಕೂದಲು-ಗಡ್ಡ ತೆಗೆಸಿದ್ದ ಅವನು ಸಾಹೇಬನ ವೇಷದಲ್ಲಿ, ಹ್ಯಾಟು-ಕೋಟು ತೊಟ್ಟು, ದುರ್ಗಾ ಭಾಭಿ ಮತ್ತವರ ಮಗುವಿನ ಜೊತೆ ರೈಲು ಹತ್ತಿ ಪೊಲೀಸರ ಕಣ್ಣು ತಪ್ಪಿಸಿದ. ಅಲ್ಲಿ ಹ್ಯಾಟಿನ ಕೆಲಸ ಮುಚ್ಚುವುದು. ನಾಲ್ಕು ತಿಂಗಳೊಳಗೆ, ದೆಹಲಿಯ ಸ್ಟುಡಿಯೊ ಒಂದರಲ್ಲಿ ಹ್ಯಾಟ್ ಹಾಕಿಕೊಂಡೇ ಫೋಟೋ ತೆಗೆಸಿಕೊಂಡ. 1929ರ ಏಪ್ರಿಲ್ 8ರಂದು ಬಟುಕೇಶ್ವರ ದತ್ತರ ಜೊತೆ ಅಸೆಂಬ್ಲಿಯಲ್ಲಿ ಬಾಂಬು ಎಸೆದು, ಕರಪತ್ರ ಹರಡಿ, ಓಡದೆ ನಿಂತ. ಇಲ್ಲಿ ಹ್ಯಾಟಿನ ಕೆಲಸ ತೋರಿಸುವುದು: ಇದು ನಾನೇ, ನಾನು ಮಾಡಿದ್ದೇ. ಒಂದೇ ಬಗೆಯ ಹ್ಯಾಟು ಒಮ್ಮೆ ಮುಖ ಮರೆಸಿತು, ಇನ್ನೊಮ್ಮೆ ಮುಖಕ್ಕೆ ಸಾಕ್ಷಿಯಾಯಿತು. ವ್ಯತ್ಯಾಸ ಹ್ಯಾಟಿನಲ್ಲಿ ಇರಲಿಲ್ಲ. ಎರಡನೇ ಸಲ ಅವನು ಸಿಕ್ಕಿಬೀಳಲು ತಯಾರಾಗಿ ನಿಂತಿದ್ದ, ಅಷ್ಟೇ. ಅವನ ದಾರಿ ಸರಿಯೋ ತಪ್ಪೋ ಅನ್ನುವ ಚರ್ಚೆ ಬೇರೆ. ಸಿಕ್ಕಿಬೀಳುವ ದಾರಿಯನ್ನು ತಾನೇ ತೆರೆದಿಟ್ಟವನನ್ನು ಮೋಸಗಾರ ಅನ್ನಲು ಬರುವುದಿಲ್ಲ ಅನ್ನುವುದಷ್ಟೇ ನನ್ನ ಮಾತು.

ಇದೇ ವಿಚಾರವನ್ನು ಒಬ್ಬರು ಟೋಪಿಯ ಡಿಸೈನಿನೊಳಗೇ ಹೊಲಿದುಬಿಡಲು ನೋಡಿದರು. ಗಾಂಧಿ ಟೋಪಿ ಹೇಗೆ ಹುಟ್ಟಿತು ಅನ್ನುವುದನ್ನು ಬೆಳಗಾವಿಯ ನಂಟಿದ್ದ ಕಾಕಾ ಕಾಲೇಲಕರ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅವರು ಹೇಳುವಂತೆ ಗಾಂಧೀಜಿ ಒಂದೊಂದು ಪ್ರಾಂತದ ತಲೆಯುಡುಗೆಯನ್ನೂ ತೂಗಿ ನೋಡಿದ್ದರು. ಮಹಾರಾಷ್ಟ್ರದವರ ಟೋಪಿ ಪರವಾಗಿಲ್ಲ, ಆದರೆ ಅದು ಫೆಲ್ಟಿನದು. ಕಡೆಗೆ ಮನಸ್ಸಿಗೆ ಬಂದದ್ದು ಕಾಶ್ಮೀರಿ ಟೋಪಿ: ಹಗುರ, ಹೊಲಿಯುವುದು ಸುಲಭ, ಮಡಚಿ ಪೆಟ್ಟಿಗೆಯಲ್ಲಿ ಇಡಬಹುದು. ಅದು ಉಣ್ಣೆಯದಾದ್ದರಿಂದ ಇವರು ಹತ್ತಿ ಬಟ್ಟೆಯಲ್ಲಿ ಮಾಡಿಸಿದರು. ಬಣ್ಣದ ಪ್ರಶ್ನೆ ಬಂದಾಗ ಆರಿಸಿದ್ದು ಬಿಳಿ. ಕಾರಣ ಏನು ಗೊತ್ತೇ? ಬಿಳಿಯ ಮೇಲೆ ಬೆವರು, ಕೊಳೆ ಕೂಡಲೇ ಕಾಣುತ್ತದೆ; ಕಂಡರೆ ಒಗೆಯಲೇಬೇಕಾಗುತ್ತದೆ. ಮುಂಬೈ ಕರ್ನಾಟಕದ ಹಳೆಯ ಗ್ರೂಪ್ ಫೋಟೋಗಳಲ್ಲಿ ಸಾಲಾಗಿ ಕುಳಿತ ಕರಿ ಟೋಪಿಗಳನ್ನು ನೋಡಿ. ಕರಿಯ ಮೇಲೆ ಹತ್ತು ವರ್ಷದ ಎಣ್ಣೆ ಕೂತರೂ ಗೊತ್ತಾಗುವುದಿಲ್ಲ.

ನನ್ನೊಳಗಿನ ಇಂಜಿನಿಯರಿಗೆ ಇದು ಬಹಳ ಹಿಡಿಸಿತು. ಒಳ್ಳೆಯ ಸಾಫ್ಟ್‌ವೇರಿನ ಒಂದು ಗುಣ ಅಂದರೆ ಕೆಟ್ಟಾಗ ಕೂಗಿ ಹೇಳಬೇಕು. ಎರರ್ ಬಂದರೂ ನುಂಗಿಕೊಂಡು ‘ಸಕ್ಸೆಸ್’ ಅಂತ ತೋರಿಸುವ ಕೋಡ್ ಅತೀ ಅಪಾಯದ್ದು. ಗಾಂಧಿ ಟೋಪಿ ಕೆಟ್ಟಾಗ ಕೂಗುವ ಟೋಪಿ. ಹಾಕಿಕೊಂಡವನ ವಿರುದ್ಧ ತಾನೇ ಸಾಕ್ಷಿ ಹೇಳುವ ಟೋಪಿ. ಅದು ನಮ್ಮ ಕಡೆ ಬೇರು ಬಿಟ್ಟಿದ್ದೂ ಜೋರಾಗಿ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ 1923ರಲ್ಲಿ ಸೇವಾದಳ ಕಟ್ಟಿದರು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆಯಿತು. ತಮಾಷೆ ಅಂದರೆ, ಆ ಹೊತ್ತಿಗೆ ಗಾಂಧೀಜಿ ತಲೆಯ ಮೇಲೆ ಗಾಂಧಿ ಟೋಪಿಯೇ ಇರಲಿಲ್ಲ. 1921ರ ಸೆಪ್ಟೆಂಬರಿನಲ್ಲಿ ಮಧುರೈಯಲ್ಲಿ ತುಂಡು ಪಂಚೆಗೆ ಇಳಿದಾಗಲೇ ಅವರು ಅದನ್ನು ಬಿಟ್ಟಿದ್ದರು. ಟೋಪಿ ಜನರ ತಲೆಗೆ ದಾಟಿ, ತನ್ನ ಪಾಡಿಗೆ ನಡೆದಿತ್ತು.

ಹಾಗೆ ನಡೆದು ನಮ್ಮ ಮನೆಗೂ ಬಂತು. ನಮ್ಮ ಅಜ್ಜ ಹೊಲಕ್ಕೆ ಹೋಗುವಾಗ ಟವೆಲ್ ಸುತ್ತುತ್ತಿದ್ದ. ಸಂತೆ, ಮದುವೆ, ಕಚೇರಿ ಅಂದರೆ ಬಿಳಿ ಟೊಪ್ಪಿಗಿ. ಅದಕ್ಕೆ ಹಬೆಯ ಕೆಟಲ್ ಬೇಕಿರಲಿಲ್ಲ. ಸಬಕಾರ ಹಚ್ಚಿ ಒಗೆದು, ನೀಲಿ ಹಾಕಿದ ನೀರಲ್ಲಿ ಅದ್ದಿ, ಅನ್ನದ ಗಂಜಿಯಲ್ಲಿ ಹಿಂಡಿ, ನೆರಳಿಗೆ ಒಣಗಿಸಿ, ಹಿತ್ತಾಳೆ ತಂಬಿಗೆಯಲ್ಲಿ ಕೆಂಡ ತುಂಬಿ ತಿಕ್ಕುತ್ತಿದ್ದ. ಆಮೇಲೆ ಮಡಚಿ ಹಾಸಿಗೆ ಕೆಳಗೆ ಇಟ್ಟರೆ ಬೆಳಗ್ಗೆ ಚಾಕುವಿನಂಥ ಅಂಚು. ನಾವು ಹುಡುಗರು ಹತ್ತಿರ ಹೋದರೆ, “ಕೈ ತೊಳಕೊಂಡು ಮುಟ್ರಲೇ” ಅನ್ನುತ್ತಿದ್ದ. ಆದರೂ ಒಳಬದಿಯ ಪಟ್ಟಿಯಲ್ಲಿ ಬೆವರಿನ ಹಳದಿ ಗೆರೆ ಮಾತ್ರ ಯಾವತ್ತೂ ಹೋಗಲಿಲ್ಲ.

ಆ ಕಾಲದಲ್ಲಿ ಅಜ್ಜ ಸಾಲ ಮಾಡಿದ್ದ ಒಂದು ಸೊಸೈಟಿಯಲ್ಲಿ ಒಬ್ಬ ಕಾರಭಾರಿ ಇದ್ದ. ಸುತ್ತ ನಾಲ್ಕು ಹಳ್ಳಿಯಲ್ಲಿ ಅವನಷ್ಟು ಬೆಳ್ಳಗಿನ ಟೊಪ್ಪಿಗಿ ಯಾರದೂ ಇರಲಿಲ್ಲ. ಅಜ್ಜ ಎರಡು ಕಂತು ಅವನ ಕೈಗೆ ಕೊಟ್ಟ. ಪುಸ್ತಕದಲ್ಲಿ ಅದು ಏರಲೇ ಇಲ್ಲ. ಮುಂದಿನ ವರ್ಷ ನೋಟಿಸು ಬಂದಾಗ ಕಟ್ಟಿದ್ದನ್ನೇ ಮತ್ತೆ ಕಟ್ಟಬೇಕಾಯಿತು. ಹಾಲು ಕೊಡುತ್ತಿದ್ದ ಆಕಳು ಮಾರಿದರು. ಆ ವರ್ಷ ನಮ್ಮ ಮನೆಯಲ್ಲಿ ಮಕ್ಕಳಿಗೆ ಕರಿ ಚಹಾ ಅಂತ ಅವ್ವ ಈಗಲೂ ಹೇಳುತ್ತಾಳೆ.

ಈಗ ಯೋಚಿಸಿ. ಕೊಳೆ ಕಾಣಲಿ ಅಂತ ಬಿಳಿ ಬಣ್ಣ ಆರಿಸಿದ್ದು. ಆದರೆ ಕೊಳೆ ಕಂಡಿದ್ದು ಯಾರ ಟೋಪಿಯಲ್ಲಿ? ಬಿಸಿಲಲ್ಲಿ ದುಡಿದು ಸಂತೆಗೆ ನಡೆದು ಹೋಗುವ ಅಜ್ಜನದರಲ್ಲಿ. ನೆರಳಲ್ಲಿ ಕುಳಿತು ಇನ್ನೊಬ್ಬರ ಕಂತು ನುಂಗಿದವನ ಟೋಪಿ ದಿನಾ ಮಡಿವಾಳರ ಮನೆಯಿಂದ ಗರಿಗರಿಯಾಗಿ ಬರುತ್ತಿತ್ತು. ಅದಕ್ಕೆ ಕಲೆ ಅಂಟಲು ಅವನು ಬೆವರಿದ್ದರೆ ತಾನೇ? ಬಿಳಿಯ ಪರೀಕ್ಷೆ ಮೈಕೊಳೆಯನ್ನು ಹಿಡಿಯುತ್ತದೆ, ಮನಸ್ಸಿನ ಕೊಳೆಯನ್ನು ಹಿಡಿಯುವುದಿಲ್ಲ. ಇನ್ನೂ ಬೇಜಾರಿನ ಸಂಗತಿ ಅಂದರೆ, ದುಡಿಯುವವನೇ ಆ ಪರೀಕ್ಷೆಯಲ್ಲಿ ಫೇಲ್ ಆಗುತ್ತಾನೆ. ಪ್ರಾಮಾಣಿಕತೆಯ ಗುರುತು ಅಂತ ಒಮ್ಮೆ ಹೆಸರಾದರೆ ಸಾಕು, ಅದನ್ನು ಮೊದಲು ಹೋಗಿ ಕೊಳ್ಳುವವನು ಅಪ್ರಾಮಾಣಿಕ. ಅವನಿಗೆ ಅದರ ಅವಶ್ಯಕತೆ ಹೆಚ್ಚು. ‘ಟೋಪಿ ಹಾಕಿದ’ ಅನ್ನುವ ನುಡಿಗಟ್ಟು ಎಲ್ಲಿಂದ ಹುಟ್ಟಿತೋ ಏನೋ, ಊರೂರಲ್ಲಿ ಅದು ಉಳಿದುಕೊಂಡಿದ್ದಕ್ಕೆ ಇಂಥವರೂ ಕಾರಣ.

ಅಜ್ಜ ಮಾತ್ರ ಟೊಪ್ಪಿಗಿ ಬಿಡಲಿಲ್ಲ. “ಅಂವ ಹಾಕ್ಕೊಂಡ ಅಂತ ನಾ ಯಾಕ ಬಿಡ್ಲಿ? ಟೊಪ್ಪಿಗಿ ಏನ್ ಅವರಪ್ಪಂದೇನು?” ಅನ್ನುತ್ತಿದ್ದ. ಒಂದೇ ಒಂದು ಬದಲಾವಣೆ ಆಯಿತು. ಅಲ್ಲಿಂದ ಮುಂದೆ ಯಾರಿಗೆ ನೂರು ರೂಪಾಯಿ ಕೊಟ್ಟರೂ ಪಾವತಿ ಕೇಳುತ್ತಿದ್ದ. ತಾನು ಯಾರಿಂದ ಇಸಿದುಕೊಂಡರೂ ಕೇಳದೆಯೇ ಪಾವತಿ ಬರೆದುಕೊಡುತ್ತಿದ್ದ. ಬೀಗರು ಒಮ್ಮೆ, “ನಮ್ಮ ಮ್ಯಾಲ ನಂಬಿಕಿ ಇಲ್ಲೇನ್ರಿ?” ಅಂತ ಮುನಿಸಿಕೊಂಡರು. “ನಂಬಿಕಿ ಐತ್ರಿ, ಅದಕ್ಕ ಟೊಪ್ಪಿಗಿ ಹಾಕ್ಕೊಂಡ್ ಬಂದೀನಿ. ಟೊಪ್ಪಿಗಿ ಬ್ಯಾರೆ, ಪಾವತಿ ಬ್ಯಾರೆ” ಅಂದ.

ಈ ‘ಪಾವತಿ’ ಅನ್ನುವುದು ಬಟ್ಟೆಗೂ ಇರಬಹುದೇ? ಇದೆ. ಅದೂ ನಮ್ಮ ಹುಬ್ಬಳ್ಳಿಯಲ್ಲೇ, ಬೆಂಗೇರಿಯಲ್ಲಿ.

ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಶುರುವಾದದ್ದು 1957ರ ನವೆಂಬರ್ 1ರಂದು. ರಾಷ್ಟ್ರಧ್ವಜಕ್ಕೆ ಬಿಐಎಸ್ ಗುರುತು ಪಡೆದ ದೇಶದ ಏಕೈಕ ಘಟಕ ಅಂತ ಅದು ಬಹುಕಾಲ ಹೆಸರಾಗಿತ್ತು. ಧ್ವಜದ ಬಟ್ಟೆಗೆ ಧಾರವಾಡ ತಾಲೂಕಿನ ಗರಗ, ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ ಹೆಸರುವಾಸಿ. ಟೋಪಿಗೂ ಧ್ವಜಕ್ಕೂ ಬಟ್ಟೆ ಒಂದೇ, ಖಾದಿ. ಆದರೆ ನೋಡುವ ರೀತಿ ಬೇರೆ. ಟೋಪಿಯನ್ನು ನಾವು ದೂರದಿಂದ ನೋಡಿ ‘ಬೆಳ್ಳಗಿದೆ’ ಅಂತ ಒಪ್ಪಿಕೊಳ್ಳುತ್ತೇವೆ. ಧ್ವಜವನ್ನು ಎಳೆ ಎಣಿಸಿ ನೋಡುತ್ತಾರೆ. ಸ್ವತಂತ್ರ ಭಾರತ ಮೊಟ್ಟಮೊದಲು ಹೊರಡಿಸಿದ ಗುಣಮಟ್ಟದ ನಿಯಮವೇ ರಾಷ್ಟ್ರಧ್ವಜದ್ದು, ಐಎಸ್ 1, 1951ರಲ್ಲಿ. 1968ರಲ್ಲಿ ಅದು ಪರಿಷ್ಕಾರವಾಯಿತು. ನೂಲು, ನೇಯ್ಗೆ, ಬಣ್ಣ, ಹೊಲಿಗೆ ಎಲ್ಲಕ್ಕೂ ಅಳತೆ ಇದೆ. ಉದ್ದ-ಅಗಲ 3:2. ಒಂಬತ್ತು ಗಾತ್ರ: ಅತಿ ಚಿಕ್ಕದು 150 × 100 ಮಿ.ಮೀ., ಅತಿ ದೊಡ್ಡದು 6300 × 4200 ಮಿ.ಮೀ. ಚಕ್ರಕ್ಕೆ 24 ಅರೆಗಳು, ಬಟ್ಟೆಯ ಎರಡೂ ಬದಿಯ ಚಕ್ರ ಒಂದರ ಮೇಲೊಂದು ಕೂರಬೇಕು. ಹೊಂದದಿದ್ದರೆ ಧ್ವಜ ಎಷ್ಟು ಚಂದ ಹಾರಿದರೂ ಪಾಸಾಗುವುದಿಲ್ಲ. ಮಾಡಿದವರು ಒಳ್ಳೆಯವರು ಅನ್ನುವ ಮಾತಿಗೆ ಅಲ್ಲಿ ಅಂಕ ಇಲ್ಲ. ಅಲ್ಲಿನ ಕೆಲಸಗಾರರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅವರ ಕೆಲಸವನ್ನು ಇನ್ನೊಬ್ಬರು ಅಳೆದು ನೋಡುವುದು ಅವರಿಗೆ ಅವಮಾನ ಅಲ್ಲ. ಆ ಅಳತೆಯೇ ಅವರ ಕಸುಬಿನ ಮರ್ಯಾದೆ.

ಇದಕ್ಕೂ ಒಂದು ತಿರುವು ಬಂತು. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಪಾಲಿಯೆಸ್ಟರ್ ಧ್ವಜಕ್ಕೆ, ಯಂತ್ರದಲ್ಲಿ ಮಾಡಿದ ಧ್ವಜಕ್ಕೆ ಒಪ್ಪಿಗೆ ಸಿಕ್ಕಿತು. 2022ರ ಆಗಸ್ಟಿನಲ್ಲಿ ಪೋಸ್ಟ್ ಆಫೀಸಿನಲ್ಲಿ 25 ರೂಪಾಯಿಗೆ ಧ್ವಜ ಸಿಗುತ್ತಿತ್ತು. ಖಾದಿ ಧ್ವಜದ ಬೇಡಿಕೆ ಕುಸಿಯಿತು ಅಂತ ಬೆಂಗೇರಿಯವರು ಬಹಿರಂಗವಾಗಿಯೇ ದನಿ ಎತ್ತಿದರು. ಮನೆ ಮನೆಯ ಮೇಲೆ ಬಾವುಟ ಹಾರಬೇಕು, ಬಡವನ ಕೈಗೂ ಎಟುಕಬೇಕು ಅನ್ನುವ ವಾದದಲ್ಲಿ ತೂಕ ಇದೆ; 25 ರೂಪಾಯಿ ಕೊಟ್ಟು ಕೊಂಡವನ ದೇಶಪ್ರೇಮ ಕಡಿಮೆ ಅನ್ನಲು ನಾನು ಯಾರು? ಆದರೆ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಹಾರುವಾಗ ಎರಡೂ ಒಂದೇ ಥರ ಕಾಣುತ್ತವೆ ಅನ್ನುವುದರಲ್ಲೇ ಪ್ರಶ್ನೆ ಇದೆ. ಕಾಣುವುದಷ್ಟೇ ಮುಖ್ಯ ಆದರೆ ಎಳೆ ಎಣಿಸುವವರು ಯಾಕೆ ಬೇಕು? ಕಂತು ಕಟ್ಟಿಸಿಕೊಂಡವನ ಟೋಪಿ ಬೆಳ್ಳಗಿದ್ದರೆ ಸಾಕಲ್ಲ, ಪಾವತಿ ಯಾಕೆ ಬೇಕು?

ಅಳತೆಗೂ ಮಿತಿ ಇದೆ, ಅದನ್ನೂ ಹೇಳಬೇಕು. ಎಳೆ ಎಣಿಸುವ ಭೂತಗನ್ನಡಿಗೆ ನೂತವಳ ಕೂಲಿ ಕಾಣುವುದಿಲ್ಲ. ಡ್ಯಾನ್‌ಬರಿಯ ಹ್ಯಾಟುಗಳೂ ಗುಣಮಟ್ಟದಲ್ಲಿ ಉತ್ತಮವಾಗೇ ಇದ್ದವು, ಕೆಟ್ಟದ್ದು ಕೈಗಳು. ಹಾಗಾಗಿ ಕೊಳ್ಳುವವನಿಗೆ ಒಂದು ಪ್ರಶ್ನೆ ಉಳಿದೇ ಉಳಿಯುತ್ತದೆ: ಇದು ನನ್ನ ತಲೆಗೆ ಬರುವ ಮೊದಲು ಯಾರ ಕೈಗೆ ಏನು ಮಾಡಿ ಬಂತು? ಎಲ್ಲ ವಸ್ತುವಿಗೂ ಇದನ್ನು ಕೇಳುತ್ತಾ ಕೂತರೆ ಬದುಕಲು ಆಗುವುದಿಲ್ಲ, ನಿಜ. ಆದರೆ ನಾವು ಯಾರು ಅಂತ ಸಾರಿ ಹೇಳಲು ಆರಿಸಿಕೊಳ್ಳುವ ವಸ್ತುವಿಗಾದರೂ ಕೇಳಬಹುದಲ್ಲ. ಆಫೀಸಿನ ‘ಎಥ್ನಿಕ್ ಡೇ’ಗೆ ತೊಡುವ ಖಾದಿ ಜುಬ್ಬಾಕ್ಕೆ, ಪ್ರೊಫೈಲಿನಲ್ಲಿ ಹಾಕುವ ಬಾವುಟಕ್ಕೆ, ‘ಸಸ್ಟೇನೆಬಲ್’ ಅಂತ ಬರೆದ ಕಾಫಿ ಕಪ್ಪಿಗೆ. ನಮ್ಮ ಪೀಳಿಗೆ ತಲೆಗೆ ಟೋಪಿ ಹಾಕುವುದು ಕಡಿಮೆ. ಹಾಗಂತ ಟೋಪಿಗಳೇನೂ ಕಡಿಮೆಯಾಗಿಲ್ಲ.

ನಮ್ಮ ಕಸುಬಿನಲ್ಲೂ ಟೋಪಿಗಳಿವೆ. ಸೆಕ್ಯುರಿಟಿಯವರು ಹ್ಯಾಕರುಗಳನ್ನು ವೈಟ್ ಹ್ಯಾಟ್, ಬ್ಲ್ಯಾಕ್ ಹ್ಯಾಟ್ ಅಂತ ಕರೆಯುತ್ತಾರೆ. ಹಳೆಯ ಕೌಬಾಯ್ ಸಿನಿಮಾಗಳಲ್ಲಿ ಒಳ್ಳೆಯವನಿಗೆ ಬಿಳಿ, ಕೆಟ್ಟವನಿಗೆ ಕರಿ ಹ್ಯಾಟ್ ಕೊಡುತ್ತಿದ್ದ ರೂಢಿಯಿಂದ ಬಂದ ಮಾತು. ಇಬ್ಬರ ಕೈಚಳಕವೂ ಒಂದೇ, ಸಾಧನಗಳೂ ಒಂದೇ. ಇಬ್ಬರೂ ಬೀಗ ಮುರಿಯಬಲ್ಲವರು. ವೈಟ್ ಹ್ಯಾಟ್ ಅನ್ನಿಸಿಕೊಳ್ಳುವವನು ಮೊದಲು ಯಜಮಾನನ ಒಪ್ಪಿಗೆ ಪಡೆಯುತ್ತಾನೆ, ಮಾಡಿದ್ದನ್ನೆಲ್ಲ ಬರೆದಿಡುತ್ತಾನೆ, ಕಂಡ ತೂತನ್ನು ಯಜಮಾನನಿಗೆ ತಿಳಿಸುತ್ತಾನೆ. ಅವನ ಟೋಪಿಯ ಬಿಳುಪು ಇರುವುದು ಆ ವರದಿಯಲ್ಲಿ. ಅಜ್ಜನ ಮಾತಲ್ಲಿ ಹೇಳುವುದಾದರೆ, ಅವನು ಕೇಳದೆಯೇ ಪಾವತಿ ಬರೆದುಕೊಡುತ್ತಾನೆ.

ಹ್ಯಾಟ್ ಆರಿಸುವವರಿಗೆ ಅಂಗಡಿಯವರು ಹೇಳುವ ಒಂದು ಮಾತು ನನಗೆ ಇಷ್ಟ: ಒಬ್ಬರೇ ಕನ್ನಡಿ ಮುಂದೆ ನಿಂತು ತೀರ್ಮಾನ ಮಾಡಬೇಡಿ, ಜೊತೆಗೆ ಯಾರನ್ನಾದರೂ ಕರಕೊಂಡು ಬನ್ನಿ. ಕನ್ನಡಿ ತೋರಿಸುವುದು ಮುಂಭಾಗವನ್ನು ಮಾತ್ರ. ನಮ್ಮ ಟೋಪಿ ಹಿಂದಿನಿಂದ ಹೇಗಿದೆ ಅನ್ನುವುದು ನಮಗೆ ಬಿಟ್ಟು ಊರಿಗೆಲ್ಲ ಕಾಣುತ್ತದೆ. ಹುಡುಗನಿಗೂ ಅದನ್ನೇ ಹೇಳಿದೆ: ನಿನ್ನ ಹುಡುಗಿಯನ್ನು ಕರಕೊಂಡು ಹೋಗು, ಚಂದ ಕಾಣದಿದ್ದರೆ ಮುಖದ ಮೇಲೆ ಹೇಳುವ ಧೈರ್ಯ ಆಕೆಗೆ ಇದೆ. ಇಂಥ ಒಬ್ಬರಾದರೂ ಹತ್ತಿರ ಇರಬೇಕು. ಕೋಡ್ ರಿವ್ಯೂನಲ್ಲಿ ‘ಇದು ಸರಿಯಿಲ್ಲ’ ಅನ್ನುವ ಸಹೋದ್ಯೋಗಿ, ಲೆಕ್ಕ ಕೇಳುವ ಹೆಂಡತಿ ಇಲ್ಲವೇ ಗಂಡ, ‘ಏನಪಾ, ಭಾಳ ದೊಡ್ಡ ಮನಷ್ಯಾ ಆಗೀಯಲ್ಲ’ ಅಂತ ಕಾಲೆಳೆಯುವ ಊರಿನ ಗೆಳೆಯ. ಇವರನ್ನೆಲ್ಲ ದೂರ ಇಟ್ಟು, ಹೊಗಳುವವರನ್ನಷ್ಟೇ ಸುತ್ತ ಕೂರಿಸಿಕೊಂಡ ದಿನವೇ ನಾವು ನಮಗೆ ನಾವೇ ಟೋಪಿ ಹಾಕಿಕೊಂಡ ಹಾಗೆ. ನುಡಿಗಟ್ಟಿನ ಅರ್ಥದಲ್ಲಿ.

ಟೋಪಿ ಯಾವ ಬಣ್ಣದ್ದಾದರೂ ಇರಲಿ, ಫೆಲ್ಟಿನದಾಗಲಿ ಖಾದಿಯದಾಗಲಿ. ಹಬೆ ಹಿಡಿದು ನಮಗೆ ಬೇಕಾದ ರೂಪ ಕೊಟ್ಟುಕೊಳ್ಳೋಣ, ಗಂಜಿ ಹಾಕಿ ಗರಿಗರಿ ಮಾಡೋಣ. ಚಂದ ಕಾಣಬೇಕು ಅನ್ನುವ ಆಸೆಯಲ್ಲಿ ತಪ್ಪೇನಿಲ್ಲ. ಅದನ್ನು ನೋಡಿ ನಮ್ಮನ್ನು ನಂಬುವವರಿಗೆ ನಮ್ಮನ್ನು ಪ್ರಶ್ನೆ ಕೇಳುವ ದಾರಿಯೂ ಇದೆಯೇ, ಕೇಳಿದಾಗ ತೋರಿಸಲು ನಮ್ಮ ಹತ್ತಿರ ಲೆಕ್ಕ ಇದೆಯೇ ಅಂತ ನೋಡಿಕೊಂಡರೆ ಆಯಿತು. ಬೆವರಿನ ಹಳದಿ ಗೆರೆ ಒಂದು ಇದ್ದರೆ ಇರಲಿ ಬಿಡಿ, ಅದು ಒಗೆದರೂ ಹೋಗದ ಕಲೆ ಅಂತ ಯಾರೂ ನಾಚಿಕೊಳ್ಳಬೇಕಾಗಿಲ್ಲ.